ತಾರೆಯ ನಾಡಿಮಿಡಿತ

ನಮ್ಮ ಮನೆಯ ವಿದ್ಯುತ್ ಬೀಸಣಿಗೆ ಎಷ್ಟೇ ರಭಸದಿಂದ ತಿರುಗಿದರೂ ಸೆಕೆಂಡಿಗೆ ಐದಾರು ಸುತ್ತುಗಳನ್ನು ಮೀರುವುದು ಅಪರೂಪ. ಸೂರ್ಯನಿಗಿಂತಲೂ ಹೆಚ್ಚಿನ ದ್ರವ್ಯವನ್ನು ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರುಗಳ ಅಡ್ಡಳತೆಯಲ್ಲಿ ಅಡಕಿಕೊಂಡ ಗೋಲವೊಂದು ಸೆಕೆಂಡಿಗೆ 592 ಸಲ ತಿರುಗುತ್ತಿದೆಯೆಂದರೆ ವಾಚಕರು ನಂಬುವರೆ? ನಂಬಲೇಬೇಕು.

ಮಹಾತಾರೆಯೊಂದು ಸಿಡಿದು ಅಳಿದಾಗ ಉಳಿಯುವ ತಿರುಳೇ ನ್ಯೂಟ್ರಾನ್ ನಕ್ಷತ್ರ. ಪಕ್ಕದಲ್ಲಿ ಸಂಗಾತಿ ತಾರೆಯಿದ್ದರೆ ಅದರ ಅನಿಲವನ್ನು ಇದು ಸೆಳೆದುಕೊಳ್ಳುತ್ತದೆ. ಅನಿಲವು ತಟ್ಟೆಯ ಆಕಾರದಲ್ಲಿ ಸುತ್ತುತ್ತ ಬಂದು, ಕೊನೆಗೆ ಕಾಂತಧ್ರುವಗಳ ಮೇಲೆ ಸುರಿಯುತ್ತದೆ. ಆಗ ಕೋಟ್ಯಂತರ ಡಿಗ್ರಿಗಳಿಗೆ ಕಾದ ಆ ತಾಣಗಳಿಂದ ಕ್ಷ-ಕಿರಣಗಳು ಹೊಮ್ಮುತ್ತವೆ. ತಾರೆ ತಿರುಗಿದಂತೆಲ್ಲ ದೀಪಸ್ತಂಭದ ಬೆಳಕಿನಂತೆ ಅವು ನಮ್ಮತ್ತ ಮಿಡಿಯುತ್ತವೆ. ಇದು ವಿಜ್ಞಾನಿಗಳಿಗೆ ತಿಳಿದ ಸಂಗತಿಯೇ ಆಗಿದ್ದಿತು.

ಆದರೆ ಕಣ್ಣಿಗೆ ಕಾಣುವ ಬೆಳಕೂ ಹಾಗೆಯೇ ಮಿಡಿಯುವುದೆಂದು ಯಾರೂ ನಿರೀಕ್ಷಿಸಿರಲಿಲ್ಲ. ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿರುವ ಇಟಲಿಯ ಗೆಲಿಲಿಯೋ ದೂರದರ್ಶಕಕ್ಕೆ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸಬಲ್ಲ ಉಪಕರಣವನ್ನು ಜೋಡಿಸಿ, ಅಂಬ್ರೊಸೀನೊ ಮತ್ತು ಸಂಗಡಿಗರು ಪಿ.ಎಸ್.ಆರ್. ಜೆ1023+0038 ಎಂಬ ತಾರೆಯನ್ನು ನೋಡಿದರು. ಬಂದ ಬೆಳಕಿನಲ್ಲಿ ನೂರಕ್ಕೊಂದರಷ್ಟು ಪಾಲು ಮಾತ್ರ 1.69 ಮಿಲಿಸೆಕೆಂಡುಗಳ ತಾಳಕ್ಕೆ ಸರಿಯಾಗಿ ಏರಿಳಿಯುತ್ತಿದ್ದಿತು! 2017ರಲ್ಲಿ ಈ ವಾರ್ತೆ ಪ್ರಕಟವಾಯಿತು. 2019ರ ಆಗಸ್ಟಿನಲ್ಲಿ ಎಸ್.ಎ.ಎಕ್ಸ್. ಜೆ1808.4-3658 ಎಂಬ ಇನ್ನೊಂದು ತಾರೆ ಭುಗಿಲೆದ್ದಾಗ, ಸೆಕೆಂಡಿಗೆ 401 ಸುತ್ತುಗಳ ಅದರ ಮಿಡಿತವು ಬೆಳಕಿನಲ್ಲಿಯೂ, ಹಬಲ್ ದೂರದರ್ಶಕ ಹಿಡಿದ ನೇರಳಾತೀತ ಕಿರಣಗಳಲ್ಲಿಯೂ ಕಂಡುಬಂದಿತು.

ಇಲ್ಲಿಯೇ ಒಗಟು ಹುಟ್ಟುವುದು. ಕಾದ ತಾಣಗಳ ಪುಟ್ಟ ಹರವಿನಿಂದ ಇಷ್ಟು ಪ್ರಕಾಶ ಹೊಮ್ಮಲಾರದು. ತಿರುಗುವ ತಾರೆ ತನ್ನ ಕಾಂತಬಲದಿಂದ ವಿದ್ಯುತ್ಕಣಗಳ ಗಾಳಿಯನ್ನು ಬೀಸಬಲ್ಲದು. ಅನಿಲ ಒಳನುಗ್ಗಿದೊಡನೆ ಆ ಗಾಳಿ ಅಡಗಿಹೋಗುವುದೆಂದು ಇದುವರೆಗಿನ ತಿಳಿವಳಿಕೆ. ಜೆ1023ರಲ್ಲಿ ಆ ಗಾಳಿ ಇನ್ನೂ ಬೀಸುತ್ತಿದ್ದು, ಅನಿಲದ ತಟ್ಟೆಗೆ ಬಡಿದು ಬೆಳಕನ್ನು ಹೊಮ್ಮಿಸುತ್ತಿದೆಯೆಂಬುದು ಕೆಲವು ವಿದ್ವಾಂಸರ ಊಹೆ. ಆದರೆ ಜೆ1808 ಭುಗಿಲೆದ್ದಾಗ ಅನಿಲ ಧಾರಾಳವಾಗಿ ಸುರಿಯುತ್ತಿದ್ದಿತಲ್ಲ! ಆಗಲೂ ಕಣಗಳಿಗೆ ವೇಗವನ್ನಿತ್ತ ಶಕ್ತಿ ಯಾವುದು? ಉಣ್ಣುವ ಬಾಯಿಂದಲೇ ಊದಲೂ ಬರುವುದೆ?

ಇದಕ್ಕೆ ಉತ್ತರ ದೊರೆತ ದಿನ ಪಠ್ಯಗ್ರಂಥದ ಒಂದು ಅಧ್ಯಾಯವನ್ನೇ ತಿದ್ದಿ ಬರೆಯಬೇಕಾದೀತು. ಸೆಕೆಂಡಿನ ಸಾವಿರದಲ್ಲೊಂದೆರಡು ಪಾಲಿನ ಮಿಣುಕು ಮನುಷ್ಯನ ಅರಿವನ್ನು ಹೀಗೆ ಕೆಣಕುತ್ತಿರುವುದು ಸೋಜಿಗವಲ್ಲದೆ ಮತ್ತೇನು?