ಖರ್ಜೂರದ ಉಂಡೆಯ ಸಕ್ಕರೆ ಎಲ್ಲಿ ಹೋಯಿತು?

‘ಸಕ್ಕರೆ, ಬೆಲ್ಲ ಎರಡನ್ನೂ ಬಿಟ್ಟು ಈಗ ಬರೀ ಖರ್ಜೂರದಲ್ಲಿ ಉಂಡೆ ಕಟ್ಟುತ್ತೇನೆ. ನಮ್ಮ ಯಜಮಾನರಿಗೆ ಶುಗರ್ ಇದೆ. ಇದನ್ನಾದರೂ ಅವರು ಧಾರಾಳವಾಗಿ ತಿನ್ನಬಹುದಲ್ಲವೇ?’ ಓದುಗರೊಬ್ಬರ ಪ್ರಶ್ನೆ ಇದು. ಹಬ್ಬ ಹತ್ತಿರವಾದಂತೆ ‘ಸಕ್ಕರೆ ಇಲ್ಲದ ಸಿಹಿ’ಯ ವಿಡಿಯೊಗಳು ಮೊಬೈಲಿನಲ್ಲಿ ಸಾಲುಗಟ್ಟುತ್ತವೆ. ಹಾಗಾಗಿ ಈ ಅನುಮಾನ ಅವರೊಬ್ಬರದೇ ಇರಲಾರದು.

ಮೊದಲು ತೂಕ ನೋಡೋಣ. ಬೀಜ ತೆಗೆದ ದಪ್ಪನೆಯ ಮೆಡ್ಜೂಲ್ ಖರ್ಜೂರ ಒಂದು ಸುಮಾರು 24 ಗ್ರಾಂ ತೂಗುತ್ತದೆ. ಅದರಲ್ಲಿ 16 ಗ್ರಾಂ ಸಕ್ಕರೆಯೇ. ಚಹಾ ಚಮಚದ ಲೆಕ್ಕದಲ್ಲಿ ನಾಲ್ಕು ಚಮಚ. ಕಾಫಿಗೆ ಒಂದು ಚಮಚ ಸಕ್ಕರೆ ಬಿದ್ದರೆ ಗದರುವ ಮನೆಯಲ್ಲೇ ಇಂಥ ಎರಡು ಹಣ್ಣು ಅಡಗಿದ ಉಂಡೆಯನ್ನು ಕರೆದು ಕೈಗಿಡುತ್ತಾರೆ!

ಆದರೆ ಅದು ಬೇರೆ ಸಕ್ಕರೆ ಅಲ್ಲವೇ? ಹೌದು, ಅಲ್ಲ, ಎರಡೂ. ಬರ್ಲಿನ್ನಿನ ಆಂಡ್ರಿಯಾಸ್ ಮಾರ್ಗ್‌ಗ್ರಾಫ್ 1747ರಲ್ಲಿ ಬೀಟ್ ಗೆಡ್ಡೆಯಿಂದ ಸಕ್ಕರೆಯ ಹರಳು ತೆಗೆದು, ಅದು ಕಬ್ಬಿನ ಸಕ್ಕರೆಯೇ ಎಂದು ತೋರಿಸಿದ. 1792ರಲ್ಲಿ ಲೋವಿಟ್ಜ್ ಎಂಬ ರಸಾಯನ ತಜ್ಞನಿಗೆ ದ್ರಾಕ್ಷಿಯಲ್ಲಿ ಸಿಕ್ಕಿದ್ದು ಕಬ್ಬಿನದಕ್ಕಿಂತ ಬೇರೆಯೇ ಆದ ಸಕ್ಕರೆ. ಅದಕ್ಕೆ ಗ್ಲುಕೋಸ್ ಎಂಬ ಹೆಸರು ಬಂದದ್ದು 1838ರಲ್ಲಿ. ಫ್ರಾನ್ಸಿನ ದ್ಯುಬ್ರನ್‌ಫೋ 1847ರಲ್ಲಿ ಅದರ ಜೋಡಿಯನ್ನು, ಅಂದರೆ ಫ್ರಕ್ಟೋಸನ್ನು, ಪತ್ತೆ ಹಚ್ಚಿದ. ಈ ಎರಡೂ ಕೈಕೈ ಹಿಡಿದರೆ ಸುಕ್ರೋಸ್, ನಮ್ಮ ಡಬ್ಬಿಯ ಸಕ್ಕರೆ. ಖರ್ಜೂರ ಹಣ್ಣಾಗುವಾಗ ಅದರೊಳಗಿನ ಇನ್ವರ್ಟೇಸ್ ಕಿಣ್ವ ಆ ಹಿಡಿತ ಬಿಡಿಸುತ್ತದೆ. ಪಾಕ ಹರಳುಗಟ್ಟದಿರಲೆಂದು ಅಡುಗೆಯವರು ನಾಲ್ಕು ಹನಿ ನಿಂಬೆರಸ ಹಿಂಡುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ ಕೆಲಸ. ಮೆತ್ತಗಿನ ಖರ್ಜೂರದಲ್ಲಿ ಹೆಚ್ಚುಪಾಲು ಇರುವುದು ಹೀಗೆ ಬಿಡಿಬಿಡಿಯಾದ ಗ್ಲುಕೋಸ್ ಮತ್ತು ಫ್ರಕ್ಟೋಸ್. ನಾವು ತಿಂದ ಸಕ್ಕರೆಯನ್ನೂ ನಮ್ಮ ಕರುಳು ಹೀಗೆಯೇ ಒಡೆಯುತ್ತದೆ. ಖರ್ಜೂರ ಆ ಕೆಲಸವನ್ನು ಮೊದಲೇ ಮುಗಿಸಿಕೊಂಡಿರುತ್ತದೆ, ಅಷ್ಟೇ.

‘ಖರ್ಜೂರದ ಗ್ಲೈಸೆಮಿಕ್ ಇಂಡೆಕ್ಸ್ ಕಡಿಮೆ’ ಎಂಬ ವಾದ ಸುಳ್ಳಲ್ಲ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ತಂಡ 1981ರಲ್ಲಿ ಕೊಟ್ಟ ಅಳತೆಗೋಲು ಅದು: ಆಹಾರ ರಕ್ತದ ಗ್ಲುಕೋಸನ್ನು ಎಷ್ಟು ಏರಿಸುತ್ತದೆ ಎಂಬ ಅಂಕ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಐದು ತಳಿಯ ಖರ್ಜೂರ ಪರೀಕ್ಷಿಸಿದಾಗ ಆರೋಗ್ಯವಂತರಲ್ಲಿ 46ರಿಂದ 55ರವರೆಗೆ ಬಂತು. ಸಕ್ಕರೆಯದು ಸುಮಾರು 65. ವ್ಯತ್ಯಾಸ ಇದೆ, ಆದರೆ ಜಾಹೀರಾತಿನಲ್ಲಿ ಕಾಣುವಷ್ಟು ದೊಡ್ಡದಲ್ಲ. ಮೇಲಾಗಿ ಈ ಅಳತೆಗೋಲಿನ ಕಣ್ಣಿಗೆ ಬೀಳುವುದು ಗ್ಲುಕೋಸ್ ಮಾತ್ರ. ಫ್ರಕ್ಟೋಸ್ ನೇರ ಯಕೃತ್ತಿನ ದಾರಿ ಹಿಡಿಯುವುದರಿಂದ ಲೆಕ್ಕಕ್ಕೆ ಅಷ್ಟಾಗಿ ಸಿಗುವುದಿಲ್ಲ.

ಹಾಗಾದರೆ ಹಣ್ಣು ಒಳ್ಳೆಯದು ಎನ್ನುವುದಕ್ಕೆ ಅರ್ಥವಿಲ್ಲವೇ? ಖಂಡಿತ ಇದೆ. ಅದು ಸಕ್ಕರೆಯ ಜಾತಿಯಲ್ಲಿಲ್ಲ, ಹಣ್ಣಿನ ಕಟ್ಟೋಣದಲ್ಲಿದೆ. ಹಳ್ಳಿಮನೆಯ ಕಣಜ ನೆನಪಿಸಿಕೊಳ್ಳಿ. ಬಿದಿರಿನ ಗೋಡೆ, ಸಗಣಿ ಮೆತ್ತಿದ ಮೈ, ಕೆಳಗೊಂದು ಪುಟ್ಟ ಕಿಂಡಿ. ಭತ್ತ ಎಷ್ಟೇ ತುಂಬಿರಲಿ, ಹೊರಗೆ ಬರುವುದು ಕಿಂಡಿ ಬಿಟ್ಟಷ್ಟೇ. ಹಣ್ಣಿನ ಒಂದೊಂದು ಜೀವಕೋಶವೂ ಇಂಥ ಕಣಜ. ಗೋಡೆ ನಾರಿನದು, ಒಳಗೆ ಸಕ್ಕರೆ ನೀರು. ಹಲ್ಲು ಕೆಲವನ್ನು ಒಡೆಯುತ್ತದೆ, ಉಳಿದವು ಇಡಿಯಾಗಿಯೇ ಹೊಟ್ಟೆಗಿಳಿದು ಸಾವಕಾಶವಾಗಿ ಬಿಟ್ಟುಕೊಡುತ್ತವೆ. ಮಿಕ್ಸಿಯ ಬ್ಲೇಡಿಗೆ ಆ ದಾಕ್ಷಿಣ್ಯವಿಲ್ಲ. ಗೋಡೆ ಕೆಡವಿದ ಮೇಲೆ ಭತ್ತವೂ ಅಲ್ಲೇ, ಬಿದಿರೂ ಅಲ್ಲೇ. ಕಿಂಡಿ ಮಾತ್ರ ಇಲ್ಲ.

ಇದನ್ನು ಪರೀಕ್ಷೆಗೆ ಒಡ್ಡಿದವರು ಇಂಗ್ಲೆಂಡಿನ ಬ್ರಿಸ್ಟಲ್‌ನ ಹೇಬರ್, ಹೀಟನ್ ಮತ್ತು ಸಂಗಡಿಗರು, 1977ರಲ್ಲಿ. ಹತ್ತು ಆರೋಗ್ಯವಂತರಿಗೆ ಒಮ್ಮೆ ಇಡೀ ಸೇಬು, ಒಮ್ಮೆ ಅರೆದ ಸೇಬು, ಒಮ್ಮೆ ನಾರಿಲ್ಲದ ರಸ ಕೊಟ್ಟರು. ಮೂರರಲ್ಲೂ ಶರ್ಕರ ಪಿಷ್ಟ 60 ಗ್ರಾಂ. ರಸ ಇಡೀ ಹಣ್ಣಿಗಿಂತ ಹನ್ನೊಂದು ಪಟ್ಟು ಬೇಗ ಒಳಗಿಳಿಯಿತು. ಎಲ್ಲವನ್ನೂ ಒಂದೇ ವೇಗದಲ್ಲಿ ತಿನ್ನಿಸಿದಾಗಲೂ ಹೊಟ್ಟೆ ತುಂಬಿತೆನ್ನಿಸಿದ್ದು ಇಡೀ ಹಣ್ಣಿಗೇ ಹೆಚ್ಚು, ಆಮೇಲೆ ಅರೆದದ್ದಕ್ಕೆ, ಕೊನೆಗೆ ರಸಕ್ಕೆ. ಸ್ವಾರಸ್ಯವೆಂದರೆ ರಕ್ತದ ಗ್ಲುಕೋಸ್ ಮೂರರಲ್ಲೂ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಏರಿತು. ಆದರೆ ಅರೆದದ್ದಕ್ಕೂ ರಸಕ್ಕೂ ಇನ್ಸುಲಿನ್ ಹೆಚ್ಚು ಸುರಿಯಿತು. ರಸ ಕುಡಿದವರಲ್ಲಂತೂ ಏರಿದ ಗ್ಲುಕೋಸ್ ಆಮೇಲೆ ಧಡಕ್ಕನೆ ಕುಸಿಯಿತು. ಇಡೀ ಸೇಬು ತಿಂದಾಗ ಆ ಕುಸಿತ ಕಾಣಲೇ ಇಲ್ಲ. ಸಣ್ಣ ಪ್ರಯೋಗವೇ, ಅದೂ ಸೇಬಿನದು. ಆದರೂ ಎಷ್ಟು ಅಚ್ಚುಕಟ್ಟು!

ಬ್ರಿಟನ್ನಿನ ಪೌಷ್ಟಿಕ ಲೆಕ್ಕಾಚಾರ ಈ ಗೋಡೆಗೆ ಮಾನ್ಯತೆ ಕೊಟ್ಟಿದೆ. ಅಲ್ಲಿ ಇಡೀ ಒಣಹಣ್ಣಿನ ಸಕ್ಕರೆಯನ್ನು ‘ಮುಕ್ತ ಸಕ್ಕರೆ’ಗೆ ಸೇರಿಸುವುದಿಲ್ಲ, ಅದನ್ನೇ ಅರೆದು ಪೇಸ್ಟ್ ಮಾಡಿದರೆ ಸೇರಿಸುತ್ತಾರೆ. ಆಹಾರದ ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ ಪ್ರಕಾರವೂ ಸಕ್ಕರೆಯ ಬದಲಿಗೆ ಒಣಹಣ್ಣಿನ ಪೇಸ್ಟ್ ಬಳಸಿದ ತಿನಿಸಿನ ಮೇಲೆ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆಯುವಂತಿಲ್ಲ. ಮುಕ್ತ ಸಕ್ಕರೆ ದಿನಕ್ಕೆ 25 ಗ್ರಾಮಿನೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಮೆಡ್ಜೂಲಿನ ಪೇಸ್ಟ್ ಹಾಕುವುದಾದರೆ ಒಂದೂವರೆ ಹಣ್ಣಿಗೇ ಅದು ಭರ್ತಿ.

ಆದ್ದರಿಂದ ಆ ತಾಯಿಗೆ ನನ್ನ ಉತ್ತರ: ಉಂಡೆ ಬೇಡವೆನ್ನುವುದಿಲ್ಲ, ಧಾರಾಳ ಬೇಡ. ಗಾತ್ರ ನೆಲ್ಲಿಕಾಯಿಯಷ್ಟಿರಲಿ. ಖರ್ಜೂರ ಅರೆಯದೆ ಚಾಕುವಿನಲ್ಲಿ ಕೊಚ್ಚಿ, ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿಯ ಪಾಲು ಹೆಚ್ಚಿಸಿ. ತಿಂದು ಎರಡು ಗಂಟೆಯ ನಂತರ ಗ್ಲುಕೋಮೀಟರ್ ಹೇಳುವುದನ್ನು ಯಜಮಾನರ ವೈದ್ಯರಿಗೆ ತೋರಿಸಿ.

ಅಡುಗೆಮನೆಯ ಒಂದೆರಡು ಮಾತು ಉಳಿದಿವೆ. ಹಣ್ಣಿನ ಸಿಹಿಯಿಂದ ಗಟ್ಟಿಪಾಕ ತೆಗೆದು ಗರಿಗರಿ ಚಿಕ್ಕಿ ಮಾಡುವ ಆಸೆ ಬಿಡಿ. ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಚಿಕ್ಕಿ ಸಂಜೆಗೆ ಮೆತ್ತಗೆ. ಬಾಳೆಹಣ್ಣಿನ ಕೇಕ್ ಬೇಗ ಕಂದುವುದೂ ಈ ಬಿಡಿ ಸಕ್ಕರೆಗಳಿಂದಲೇ. ಅವು ಹಿಟ್ಟಿನ ಪ್ರೋಟೀನಿನೊಂದಿಗೆ ಸುಕ್ರೋಸಿಗಿಂತ ಚುರುಕಾಗಿ ವರ್ತಿಸುತ್ತವೆ, ಹಾಗಾಗಿ ಉರಿ ಸ್ವಲ್ಪ ಇಳಿಸಬೇಕು.

ಇನ್ನೊಂದು ಇದೆ, ನನಗೆ ಬಲು ಇಷ್ಟವಾದದ್ದು. ಫ್ರಕ್ಟೋಸ್ ಅಣು ಒಂದಕ್ಕಿಂತ ಹೆಚ್ಚು ರೂಪಗಳಲ್ಲಿ ಇರಬಲ್ಲದು. ತಣ್ಣಗಿದ್ದಾಗ ಹೆಚ್ಚು ಸಿಹಿಯ ರೂಪವೇ ಮೇಲುಗೈ. ಬಿಸಿಯಾದಂತೆ ಅದರ ಒಂದಷ್ಟು ಪಾಲು ಕಡಿಮೆ ಸಿಹಿಯ ರೂಪಕ್ಕೆ ಹೊರಳುತ್ತದೆ. ಒಲೆಯ ಮೇಲೆ ಕುದಿಯುತ್ತಿರುವ ಖರ್ಜೂರದ ಪಾಯಸದ ರುಚಿ ನೋಡಿ ‘ಸಪ್ಪೆ’ ಎಂದು ಇನ್ನೆರಡು ಹಣ್ಣು ಹಾಕಬೇಡಿ. ಇಳಿಸಿ, ಆರಲು ಬಿಟ್ಟು, ಆಮೇಲೆ ನಾಲಿಗೆಗೆ ಹಚ್ಚಿ.