ಕಾಲೇಜು ರೇಡಿಯೋ ಏನು ಕಲಿಸುತ್ತೆ?

ಐಮಂಗಲದಲ್ಲಿ ಎಫ್‌ಎಂ 102.6ಕ್ಕೆ ತಿರುಗಿಸಿದ್ರೆ ಚಿತ್ರದುರ್ಗ ಆಕಾಶವಾಣಿ. ಅಲ್ಲಿ ಮೈಕ್ ಮುಂದೆ ಕೂರೋಕೆ ತಯಾರಿ ಎಲ್ಲಿ ಆಗುತ್ತೆ ಗೊತ್ತಾ? ಕಾಲೇಜು ರೇಡಿಯೋದಲ್ಲೂ ಆಗಬಹುದು.

ಕರ್ನಾಟಕದಲ್ಲಿ ರೇಡಿಯೋ ಶುರುವಾಗಿದ್ದೇ ಒಬ್ಬ ಮೇಷ್ಟ್ರ ಮನೇಲಿ. 1935, ಮೈಸೂರು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್‌ನಿಂದ ಪ್ರಸಾರ ಆರಂಭಿಸಿದ್ರು.

2002ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸೋ ಅವಕಾಶ ಕೊಡ್ತು. ಹಾಗೆ ಬಂದವೇ ಬೆಂಗಳೂರಿನ ರೇಡಿಯೋ ಆಕ್ಟಿವ್ 90.4, ಮಂಗಳೂರಿನ ರೇಡಿಯೋ ಸಾರಂಗ್ 107.8.

ಇಂಥ ಕಡೆ ವಿದ್ಯಾರ್ಥಿ ಏನು ಕಲೀತಾನೆ? ಹಿರಿಯೂರು ಸೀಮೆಯ ಶೇಂಗಾ ಬೆಳೆಗಾರರ ಸಂದರ್ಶನ ಅಂದ್ಕೊಳ್ಳಿ. ಮೊದಲು ಮಳೆ, ಬೀಜ, ಮಾರುಕಟ್ಟೆ ರೇಟು ತಿಳ್ಕೋಬೇಕು. ಆಮೇಲೆ ಸಣ್ಣ ಪ್ರಶ್ನೆ ಕೇಳಿ, ಬಾಯಿ ಮುಚ್ಕೊಂಡು ಕೇಳಿಸ್ಕೋಬೇಕು. ಅರ್ಧ ಗಂಟೆ ರೆಕಾರ್ಡಿಂಗ್ ಐದು ನಿಮಿಷಕ್ಕೆ ಇಳಿಸ್ಬೇಕು, ರೈತರ ಮಾತು ತಿರುಚದೆ. ಟೈಮಿಗೆ ಸರಿಯಾಗಿ ಪ್ರಸಾರ ಆಗ್ಬೇಕು, ನೆಪ ನಡೆಯಲ್ಲ.

ಈ ಅಭ್ಯಾಸ ಇದ್ದೋರು ಎಲ್ಲರೂ ಆರ್‌ಜೆ ಆಗಲ್ಲ. ಮೇಷ್ಟ್ರಿಗೆ ಪಾಠ ಹೇಳೋಕೆ, ವಕೀಲರಿಗೆ ವಾದಿಸೋಕೆ, ಆಶಾ ಕಾರ್ಯಕರ್ತೆಗೆ ಮನೆಮನೆಗೆ ವಿಷಯ ಮುಟ್ಟಿಸೋಕೆ ಬೇಕಾಗೋದು ಇದೇ. ಡಬ್ಬಿಂಗ್, ಪಾಡ್‌ಕಾಸ್ಟ್, ಸುದ್ದಿಮನೆಗೂ ಇದೇ ಬಂಡವಾಳ.

ನಿಮ್ಮ ಕಾಲೇಜಲ್ಲಿ ರೇಡಿಯೋ ಇಲ್ವಾ? ಮೊಬೈಲ್ ಸಾಕು. ವಾರಕ್ಕೊಂದು ಸಂದರ್ಶನ ರೆಕಾರ್ಡ್ ಮಾಡಿ, ಕತ್ತರಿಸಿ, ಗೆಳೆಯರಿಗೆ ಕೇಳಿಸಿ. ಆಕಾಶವಾಣಿ ಆಗಾಗ ಅರೆಕಾಲಿಕ ಉದ್ಘೋಷಕರಿಗೆ ಧ್ವನಿ ಪರೀಕ್ಷೆ ಕರೆಯುತ್ತೆ. ಪ್ರಕಟಣೆ ಬಂದಾಗ ಅರ್ಜಿ ಹಾಕಿ!