ಕಾಯಿಸಿದರೂ ಹೋಗದ ವಿಷ



ಹಾಲು ಕಾಯಿಸಿದರೆ ರೋಗಾಣು ಸಾಯುತ್ತವೆ. ಆದರೆ ಕೆಲವು ರಾಸಾಯನಿಕಗಳು ಕಾಯಿಸಿದರೂ ಹೋಗುವುದಿಲ್ಲ. ಮಣ್ಣು, ನೀರಿನಲ್ಲಿ ವರ್ಷಗಟ್ಟಲೆ ಉಳಿದು, ಮೇವಿನ ಮೂಲಕ ಹಸುವಿನ ಮೈ ಸೇರಿ ಹಾಲಿಗೂ ಇಳಿಯಬಹುದು.

ಕಾಸರಗೋಡಿನ ಪಡ್ರೆಯಲ್ಲಿ ಏನಾಯಿತು ನೋಡಿ. ಅಲ್ಲಿನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಮಕ್ಕಳ ಕಾಯಿಲೆ ದೊಡ್ಡ ಸುದ್ದಿಯಾಗುವ ಎಷ್ಟೋ ವರ್ಷ ಮೊದಲೇ ಕೊಟ್ಟಿಗೆಗಳಲ್ಲಿ ಕಾಲು ಸೊಟ್ಟಗಿದ್ದ ಕರುಗಳು ಹುಟ್ಟಿದ್ದವು. ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಘಟ್ಟದ ಕೆಳಗಿನ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲೂ ಇದೇ ಸಂಕಟ. ಸುಪ್ರೀಂ ಕೋರ್ಟ್ ಇದನ್ನು ತಡೆದದ್ದು 2011ರಲ್ಲಿ.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲೂ ಮೊದಲು ಸುಳಿವು ಕೊಟ್ಟದ್ದು ದನಗಳೇ. ಅಂಟದ ಬಾಣಲೆಯ ಲೇಪ ತಯಾರಿಸಲು ಬಳಸುತ್ತಿದ್ದ ಪಿಎಫ್‌ಒಎ ಎಂಬ ಫ್ಲೋರಿನ್ ರಾಸಾಯನಿಕ ಅವು ಕುಡಿಯುವ ಹಳ್ಳಕ್ಕೆ ಸೇರಿತ್ತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಅಡಿಕೆ, ಕಾಫಿ ತೋಟದ ಹುಲ್ಲೇ ಮೇವು. ಆದ್ದರಿಂದ:

• ಕಳೆನಾಶಕ, ಕೀಟನಾಶಕ ಹೊಡೆದ ಕಡೆಯ ಹುಲ್ಲು ಕೊಯ್ಯಬೇಡಿ. ಡಬ್ಬಿಯ ಮೇಲೆ ಹೇಳಿದಷ್ಟು ದಿನ ದನ ಬಿಡಬೇಡಿ.
• ಔಷಧದ ಖಾಲಿ ಕ್ಯಾನನ್ನು ನೀರಿಗಾಗಲಿ ಕಲಗಚ್ಚಿಗಾಗಲಿ ಬಳಸಬೇಡಿ.
• ಸ್ಪ್ರೇ ಪಂಪನ್ನು ಹಳ್ಳ, ಬಾವಿಯ ಬಳಿ ತೊಳೆಯಲು ಮನೆಯವರನ್ನು ಬಿಡಬೇಡಿ.

ಹಸು ಪದೇ ಪದೇ ಕಂದು ಹಾಕಿದರೆ, ಸೊಟ್ಟ ಕರು ಹುಟ್ಟಿದರೆ ಹಣೆಬರಹವೆಂದು ಸುಮ್ಮನಾಗಬೇಡಿ. ಕಾರಣ ಬೇರೆಯೂ ಇರಬಹುದು. ಪಶುವೈದ್ಯರಿಗೆ ತಿಳಿಸಿ, ಸಂಘದಲ್ಲೂ ಹೇಳಿ. ಪಡ್ರೆಯಲ್ಲಿ ಮೊದಲ ಎಚ್ಚರಿಕೆ ಬಂದದ್ದು ಕೊಟ್ಟಿಗೆಯಿಂದಲೇ.